ಹಾಡಿನಮ್ಮನ ಮೇಲಿನ ಸಾಲು

ಬಸ್ಸಿನಲ್ಲಿ ಎದುರು ಸೀಟಿನ ದಪ್ಪ ಮನುಷ್ಯ ಆಕಳಿಸಿದಾಗ, ಆ ಬಾಯಿಯ ಮೇಲಿನ ಹಲ್ಲಿನ ಸಾಲು ತಾನು ಕಟ್ಟಿದ್ದೇ ಎಂದು ಅವನಿಗೆ ಗೊತ್ತಾಗಿಬಿಟ್ಟಿತು. ಎರಡು ವರ್ಷದ ಹಿಂದಿನ ಕೆಲಸ. ಎಡಗಡೆಯ ಕೋರೆಹಲ್ಲನ್ನು ಬೇಕೆಂದೇ ಒಂಚೂರು ಓರೆಗೆ ಕೂರಿಸಿದ್ದ. ಕಟ್ಟಿಸಿಕೊಂಡ ಹಲ್ಲು ತೀರ ಸಿಪಾಯಿಗಳ ಹಾಗೆ ನಿಂತರೆ ನೋಡಿದವರಿಗೆ ಗುಟ್ಟು ತಿಳಿಯುತ್ತದೆ. ಬೇರೆ ದಿನವಾಗಿದ್ದರೆ ಈ ಮನುಷ್ಯ ಇನ್ನೊಮ್ಮೆ ಆಕಳಿಸಲಿ ಎಂದು ಆಸೆಯಿಂದ ಕಾದಿರುತ್ತಿದ್ದ. ಜನರ ಮುಖ ಅವನಿಗೆ ನೆನಪಿರುವುದಿಲ್ಲ, ಬಾಯಿ ನೆನಪಿರುತ್ತದೆ. ಹೆಂಡತಿಯನ್ನು ಮೊದಲು ನೋಡಿದ ದಿನ ಅವಳು ಯಾವ ಬಣ್ಣದ ಬಟ್ಟೆ ತೊಟ್ಟಿದ್ದಳು ಎಂದು ಕೇಳಿದರೆ ಇವತ್ತಿಗೂ ತಡವರಿಸುತ್ತಾನೆ. ಕೆಳಗಿನ ಸಾಲಿನ ಎರಡು ಹಲ್ಲು ಒಂದರ ಮೇಲೊಂದು ಹತ್ತಿದ್ದವು ಎಂದು ಮಾತ್ರ ಥಟ್ಟನೆ ಹೇಳುತ್ತಾನೆ. ಆದರೆ ಇವತ್ತು ಆ ದಪ್ಪ ಮನುಷ್ಯನ ಹಲ್ಲು ತನ್ನನ್ನೇ ನೋಡಿ ಕಿಸಿಯುತ್ತಿದೆ ಎನ್ನಿಸಿತು. ಏಕೆಂದರೆ ಅವನ ಅಂಗಿಯ ಜೇಬಿನಲ್ಲಿ, ಸಣ್ಣ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಇನ್ನೊಂದು ಮೇಲಿನ ಸಾಲು ಇತ್ತು. ಬಸ್ಸು ಗುಂಡಿಗೆ ಇಳಿದಾಗಲೆಲ್ಲ ಡಬ್ಬಿ ಕಟಕ್ ಎನ್ನುತ್ತಿತ್ತು. ಕಟಕ್ ಎಂದಾಗಲೆಲ್ಲ ಅವನು ಎದೆ ಮುಟ್ಟಿಕೊಳ್ಳುತ್ತಿದ್ದ.

'ಎದೆ ನೋವಾ?' ಎಂದು ಪಕ್ಕದ ಹೆಂಗಸು ಕೇಳಿದಳು.

'ಇಲ್ಲ, ಹಲ್ಲು,' ಎಂದ ಅವನು.

ಆಕೆ ಸ್ವಲ್ಪ ಸರಿದು ಕೂತಳು.

ಜೇಬಿನಲ್ಲಿದ್ದ ಸಾಲಿನಲ್ಲಿ ಒಂದು ದೋಷವಿತ್ತು. ದೋಷ ತಾನಾಗಿ ಉಳಿದದ್ದಾಗಿದ್ದರೆ ಚಿಂತೆಯಿರಲಿಲ್ಲ. ಇಪ್ಪತ್ತಾರು ವರ್ಷದ ಕೆಲಸದಲ್ಲಿ ದೋಷ ಅವನಿಗೆ ಹೊಸದಲ್ಲ, ಉಜ್ಜಿದರೆ ಹೋಗುತ್ತದೆ. ಇದು ಹೋಗಿತ್ತು. ಆರನೆಯ ದಿನವೇ ಹೋಗಿತ್ತು. ಹೋದದ್ದನ್ನು ಅವನೇ ಕೈಯಾರೆ ವಾಪಸು ಕರೆತಂದು ಕೂರಿಸಿದ್ದ. ನಾಳೆ ಸಂಜೆ ಆರು ಗಂಟೆಗೆ ಆ ಹಲ್ಲು ಹಾಕಿಕೊಂಡು ಒಬ್ಬ ಹೆಂಗಸು ನಾನೂರು ಜನರೆದುರು ಹಾಡಬೇಕು. ಹೀಗಿರುವಾಗ ಇವತ್ತೂ ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು, 'ಇವತ್ತೊಂದು ದಿನ ಇರಲಿ, ನಾಳೆ ಬೆಳಿಗ್ಗೆ ತೆಗೆದರಾಯಿತು' ಎಂದುಕೊಂಡದ್ದಕ್ಕೆ ಅವನಿಗೆ ತನ್ನ ಮೇಲೆ ನಾಚಿಕೆಯಾಗಿತ್ತು. ನಾಚಿಕೆಯಾಗುತ್ತಿದ್ದಂತೆಯೇ ಆ ಹೆಂಗಸು ಬರುವ ಹನ್ನೊಂದು ಗಂಟೆ ಯಾವಾಗ ಆದೀತೋ ಎಂದು ಎರಡು ಸಲ ಗಡಿಯಾರ ನೋಡಿದ್ದ. ನಾಚಿಕೆ ಮತ್ತು ಆಸೆ ಇಷ್ಟು ಅಕ್ಕಪಕ್ಕದ ಮನೆಯವು ಎಂದು ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ಅವನಿಗೆ ತಿಳಿಯುತ್ತಿತ್ತು.

ದವಾಖಾನೆ ಭಾವನದು. ಅಕ್ಕನ ಗಂಡ ಹಲ್ಲಿನ ಡಾಕ್ಟರು. ಬಾಗಿಲಿನ ಮೇಲಿನ ಹೆಸರು ಅವರದು, ಮುಂದಿನ ಕೋಣೆಯ ಎತ್ತಿಳಿಸುವ ಕುರ್ಚಿ ಅವರದು, ಹಲ್ಲು ಚೆನ್ನಾಗಿ ಬಂದರೆ ಬರುವ ಹೊಗಳಿಕೆಯೂ ಅವರದು. ಹಿಂದಿನ ಕೋಣೆ ಅವನದು. ಕಿಟಕಿಯ ಪಕ್ಕ ಉದ್ದನೆಯ ಮೇಜು, ಅದರ ಮೇಲೆ ಊರಿನ ಅರ್ಧ ಜನರ ವಸಡುಗಳ ಪ್ಲಾಸ್ಟರ್ ಅಚ್ಚು, ಗುಲಾಬಿ ಮೇಣದ ಹಾಳೆಗಳು, ಮೂಲೆಯಲ್ಲಿ ಪಾಲಿಶ್ ಮೋಟಾರು. ರೋಗಿಗಳು ಅವನನ್ನು ನೋಡುವುದಿಲ್ಲ. ನೋಡಿದರೂ ನೆಲ ಒರೆಸುವವನೆಂದುಕೊಳ್ಳುತ್ತಾರೆ. ಅವನಿಗೆ ಅದರ ಬಗ್ಗೆ ಬೇಸರವೇನೂ ಇರಲಿಲ್ಲ, ಅಥವಾ ಇರಲಿಲ್ಲವೆಂದು ಎಲ್ಲರೂ, ಅವನೂ ಸೇರಿ, ತೀರ್ಮಾನಿಸಿದ್ದರು. ಇಂಥ ಕೋಣೆಗೆ ಹತ್ತು ದಿನದ ಹಿಂದೆ ಒಬ್ಬ ಹೆಂಗಸು ಬಾಗಿಲು ತಳ್ಳಿಕೊಂಡು ಬಂದು, 'ಹಲ್ಲು ಮಾಡಿದೋರು ನೀವೇನಪ್ಪ?' ಎಂದು ಕೇಳಿದಾಗ ಅವನು ಎದ್ದು ನಿಂತು, ಕೈಯಲ್ಲಿದ್ದ ಕೆಳದವಡೆಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಿದ್ದ.

ಅವರಿಗೆ ಅರವತ್ತೆಂಟು. ಶಾಸ್ತ್ರೀಯ ಸಂಗೀತ ಹಾಡುವವರು. ಒಂದು ಕಾಲಕ್ಕೆ ದೊಡ್ಡ ಹೆಸರಂತೆ, ಅವನಿಗೆ ಗೊತ್ತಿರಲಿಲ್ಲ. ಭಾವ ಅವರನ್ನು ಎದುರಿಗೆ ಮೇಡಂ ಎಂದೂ ಹಿಂದಿನಿಂದ ಹಾಡಿನಮ್ಮ ಎಂದೂ ಕರೆಯುತ್ತಿದ್ದರು. ಹೋದ ವರ್ಷದ ಕಛೇರಿಯಲ್ಲಿ ಹಳೆಯ ಸೆಟ್ಟು ನಡುಹಾಡಿನಲ್ಲಿ ನಾಲಗೆಯ ಮೇಲೆ ಎದ್ದು ಕೂತಿತ್ತಂತೆ. ಹಾಡಿನಮ್ಮ ಅದನ್ನು ನಾಲಗೆಯಲ್ಲೇ ಒತ್ತಿ ಹಿಡಿದು, ಉಳಿದ ಅರ್ಧ ಗಂಟೆ ಬಾಯಿ ತೆರೆಯದೆ ಗುನುಗಿ ಮುಗಿಸಿದರು. ಮಾರನೆಯ ದಿನದ ಪತ್ರಿಕೆಯಲ್ಲಿ 'ಹೊಸ ಬಗೆಯ ಅಂತರ್ಮುಖಿ ಶೈಲಿ' ಎಂದು ಬರೆದಿದ್ದರು. ಇನ್ನೊಂದು ಸಲ ಅಂತರ್ಮುಖಿಯಾಗಲು ಅವರಿಗೆ ಮನಸ್ಸಿರಲಿಲ್ಲ. ಹೊಸ ಸೆಟ್ಟು ಭದ್ರವಾಗಿ ಕೂತಿತು, ಅಗಿಯಲು ಅಡ್ಡಿಯಿಲ್ಲ, ನಗಲು ಅಡ್ಡಿಯಿಲ್ಲ. ಆದರೆ 'ಸ' ಎಂದರೆ ಗಾಳಿ ಸೋರುತ್ತಿತ್ತು. ಮಾತಿನಲ್ಲಿ ಸಣ್ಣಗೆ, ಯಾರಿಗೂ ತಿಳಿಯದಷ್ಟು. ಹಾಡಿನಲ್ಲಿ ಮೇಲೆ ಏರಿ ನಿಂತಾಗ ಮಾತ್ರ ಕುಕ್ಕರ್ ಕೂಗಿದ ಹಾಗೆ. ಮುಂದಿನ ಕೋಣೆಯಲ್ಲಿ ಹಾಡಿ ತೋರಿಸಲು ಹೋದಾಗ ಕುರ್ಚಿಯಲ್ಲಿದ್ದ ರೋಗಿ ಹೆದರಿ ಬಾಯಿ ಮುಚ್ಚಿ ಭಾವನ ಬೆರಳು ಕಚ್ಚಿದ. ಭಾವ ಬೆರಳು ಊದಿಕೊಳ್ಳುತ್ತ ಹೇಳಿದ್ದರು: 'ಮೇಡಂ, ನೀವು ಹಿಂದಿನ ಕೋಣೆಗೆ ಹೋಗಿ. ನಮ್ಮ ಬಾಮೈದ ಇದ್ದಾನೆ. ಅವನ ಮುಂದೆ ಎಷ್ಟು ಬೇಕಾದರೂ ಹಾಡಿ, ಏನೂ ಆಗಲ್ಲ.'

ಏನೂ ಆಗಲ್ಲ ಎಂಬುದು ನಿಜವೇ ಆಗಿತ್ತು. ಅವನ ಪಾಲಿಗೆ ಸಂಗೀತವೆಂದರೆ ಶಾಲೆಯ ಹಾಡಿನ ಮೇಷ್ಟರು. ಐದನೆಯ ತರಗತಿಯಲ್ಲಿ ವಾರ್ಷಿಕ ದಿನಕ್ಕೆ ಎಲ್ಲ ಮಕ್ಕಳನ್ನೂ ಸಾಲಾಗಿ ನಿಲ್ಲಿಸಿ ಹಾಡಿಸುತ್ತ, ಒಬ್ಬೊಬ್ಬರ ಬಾಯಿಯ ಹತ್ತಿರ ಕಿವಿ ತಂದು, ಅವನ ಹತ್ತಿರ ಬಂದವರು ಕಿವಿಯನ್ನು ಸುಟ್ಟುಕೊಂಡವರ ಹಾಗೆ ಹಿಂದಕ್ಕೆ ಎಳೆದುಕೊಂಡಿದ್ದರು. 'ನೀನು ಬಾಯಿ ಮಾತ್ರ ಆಡಿಸಪ್ಪ. ದನಿ ಬೇಡ.' ಅವನು ಆಡಿಸಿದ. ಎರಡನೆಯ ಸಾಲಿನಲ್ಲಿ ನಿಂತು, ಎಲ್ಲರಿಗಿಂತ ದೊಡ್ಡದಾಗಿ ಬಾಯಿ ತೆರೆದು, ಎಲ್ಲರಿಗಿಂತ ಭಾವಪೂರ್ಣವಾಗಿ ಏನನ್ನೂ ಹಾಡದೆ ನಿಂತ. ಕೆಳಗೆ ಕೂತಿದ್ದ ಅಮ್ಮ ಮನೆಗೆ ಬಂದ ಮೇಲೆ ಅಕ್ಕಪಕ್ಕದವರಿಗೆಲ್ಲ ಹೇಳಿದ್ದೇ ಹೇಳಿದ್ದು: 'ಅಷ್ಟು ಮಕ್ಕಳಲ್ಲಿ ನನ್ನ ಮಗನ ದನಿನೇ ಎದ್ದು ಕೇಳ್ತಿತ್ತು.' ಅವನು ಪಕ್ಕದಲ್ಲೇ ನಿಂತಿದ್ದ, ಇಲ್ಲ ಎನ್ನಲಿಲ್ಲ. ಅಮ್ಮ ತೀರಿಕೊಳ್ಳುವ ತನಕ ಆ ಮಾತನ್ನು ಹೇಳುತ್ತಲೇ ಇದ್ದಳು, ಅವನು ಇಲ್ಲ ಎನ್ನಲೇ ಇಲ್ಲ. ಎದುರು ಸೀಟಿನ ದಪ್ಪ ಮನುಷ್ಯ ಮತ್ತೊಮ್ಮೆ ಆಕಳಿಸಿದ. ಬಸ್ಸು ನಿಂತಿತು. ಇಳಿಯುವಾಗ ಡ್ರೈವರನ ಹಾರ್ನು ಒಂದೆಳೆ ಇಳಿದಿದೆ ಎಂದು ಅವನ ಕಿವಿ ಹೇಳಿತು, ಅದನ್ನು ಬಾಯಿ ಬಿಟ್ಟು ಹೇಳಿಯೂಬಿಟ್ಟ. 'ಸ್ವಲ್ಪ ಶ್ರುತಿ ಕಡಿಮೆಯಿದೆ ನೋಡಿ.' ಡ್ರೈವರು ಅವನನ್ನು ಮೇಲಿಂದ ಕೆಳಗೆ ನೋಡಿ ಬಾಗಿಲು ಹಾಕಿಕೊಂಡ.

ಹತ್ತು ದಿನದ ಹಿಂದೆ ಶ್ರುತಿ ಎಂಬ ಮಾತು ಅವನ ಬಾಯಲ್ಲಿ ಇರಲಿಲ್ಲ. ಮೊದಲ ದಿನ ಹಾಡಿನಮ್ಮ ಸ್ಟೂಲಿನ ಮೇಲೆ ಕೂತು ಹಾಡಿದಾಗ ಅವನಿಗೆ ಕೇಳಿಸಿದ್ದು ಒಂದೇ, ಸೀಟಿ. ಸೀಟಿಗೆ ಮೊದಲು ಬಂದದ್ದೆಲ್ಲ ಸೀಟಿ ಬರುವ ತನಕ ಕಾಯಬೇಕಾದ ಗಲಾಟೆ. ಹಾಡಿದ್ದು ಮೂರೇ ಪದ: 'ಸರಿದು ಹೋಯಿತೆ ಸಂಜೆ.' ಮೊದಲಿನ 'ಸ' ಕೆಳಗಿತ್ತು, ಪರವಾಗಿಲ್ಲ. ಸಂಜೆಯ 'ಸ' ಎತ್ತರದಲ್ಲಿತ್ತು. ಅಲ್ಲಿ ಹೋಗಿ ನಿಂತ ಕೂಡಲೇ ಕುಕ್ಕರು. ಹಾಡು ನಿಲ್ಲುತ್ತಿತ್ತು. ಅವರು ಗೋಡೆಯ ಕಡೆ ತಿರುಗಿ ಹಲ್ಲು ತೆಗೆದು ಕೈ ಹಿಂದೆ ಮಾಡಿ ಕೊಡುತ್ತಿದ್ದರು. ಅವನು ಮುಂಭಾಗದ ಒಳಮೈಯನ್ನು ಒಂದಿಷ್ಟು ಉಜ್ಜಿ, ತೊಳೆದು, ವಾಪಸು ಕೊಡುತ್ತಿದ್ದ. ಮತ್ತೆ ಮೊದಲಿನಿಂದ. ಒಂದು ದಿನಕ್ಕೆ ಇಷ್ಟೇ ಉಜ್ಜಬೇಕು, ಹೆಚ್ಚು ಉಜ್ಜಿದರೆ ಹಲ್ಲು ಹಾಳು. ವಸಡು ಒಂದು ರಾತ್ರಿ ಹೊಂದಿಕೊಂಡ ಮೇಲೆಯೇ ಮುಂದಿನ ಕೈ. ಹಾಗಾಗಿ ದಿನಾ ಹನ್ನೊಂದಕ್ಕೆ ಬನ್ನಿ ಎಂದ. ಇದು ಕೆಲಸದ ರೀತಿ, ಇದರಲ್ಲಿ ಮೋಸವಿರಲಿಲ್ಲ.

ಎರಡನೆಯ ದಿನ ಮೋಟಾರು ಆರಿಸುವುದನ್ನು ಅವನು ಮರೆತಿದ್ದ. ಹಾಡಿನಮ್ಮ ಕಣ್ಣು ಮುಚ್ಚಿ ಕೇಳಿ, 'ಆರಿಸಬೇಡಿ. ನಿಮ್ಮ ಮೋಟಾರು ಶ್ರುತಿಯಲ್ಲಿದೆ ಕಣಪ್ಪ, ಇದನ್ನೇ ಹಿಡ್ಕೊಂಡು ಹಾಡ್ತೀನಿ' ಎಂದರು. ಹದಿನಾಲ್ಕು ವರ್ಷದಿಂದ ಆ ಮೋಟಾರನ್ನು ಬೈಯುತ್ತಲೇ ಇದ್ದವನು ಅವತ್ತು ಅದಕ್ಕೆ ಎಣ್ಣೆ ಬಿಟ್ಟ. ಮೋಟಾರಿನ ದನಿಯ ಮೇಲೆ ಅವರ ದನಿ ಬಂದು ಕೂತಾಗ ಮೋಟಾರು ಮಾಯವಾಯಿತು. ಇದೊಂದು ಸಂಗತಿ ಅವನನ್ನು ಮಧ್ಯಾಹ್ನವೆಲ್ಲ ಕಾಡಿತು. ಮೋಟಾರು ಓಡುತ್ತಿದೆ, ಆದರೆ ಇಲ್ಲ. ಮೂರನೆಯ ದಿನ, ಅದೇ ಮೂರು ಪದಕ್ಕೆ ಅವರು ಬೇರೆ ದಾರಿಯಿಂದ ಬಂದರು. ದಿನಾ ಅಂಗಡಿಗೆ ಹೋಗುವ ಬೀದಿ ಬಿಟ್ಟು ಹಿಂದಿನ ಗಲ್ಲಿಯಿಂದ ಹೋದ ಹಾಗೆ, ಅಂಗಡಿ ಅದೇ, ಆದರೆ ಪಕ್ಕದ ಬಾಗಿಲಿನಿಂದ ಒಳಗೆ. ಅವನಿಗೆ ನಗು ಬಂತು. ಯಾಕೆ ನಗು ಎಂದು ಅವರು ಕೇಳಲಿಲ್ಲ, ಅವರೂ ಸ್ವಲ್ಪ ನಕ್ಕರು, ಆಗಷ್ಟೇ ಹಲ್ಲು ತೆಗೆದ ಬಾಯಿಗೆ ಕೈ ಅಡ್ಡ ಹಿಡಿದು. ಆಮೇಲಿನ ಎರಡು ದಿನ ಯಾವುದು ಯಾವತ್ತು ಎಂದು ಕಲಸಿಹೋಗಿದೆ. ಒಂದು ದಿನ ದನಿ ಬರುವ ಮೊದಲಿನ ಉಸಿರು ಕೇಳಿಸಿತ್ತು. ಒಂದು ದಿನ 'ಹೋಯಿತೆ' ಎಂಬಲ್ಲಿ ದನಿ ಒಂದು ಮೆಟ್ಟಿಲು ಇಳಿದು, ಇಳಿದದ್ದಕ್ಕೆ ಪಶ್ಚಾತ್ತಾಪಪಟ್ಟು, ಅರ್ಧ ಮೆಟ್ಟಿಲು ಹತ್ತಿ ನಿಂತುಕೊಂಡಿತ್ತು. ಇಂಥದ್ದನ್ನು ಹಂಚಿಕೊಳ್ಳಲು ಯಾರಿದ್ದಾರೆ? ಊಟದ ಹೊತ್ತಿಗೆ ಭಾವನಿಗೆ ಹೇಳಲು ಹೋದ. ಭಾವ ತಟ್ಟೆಯಿಂದ ತಲೆಯೆತ್ತಲಿಲ್ಲ. 'ಕೋಣನ ಮುಂದೆ ಕಿನ್ನರಿ ಬಾರಿಸಿದ್ರೆ ಏನೂ ಆಗಲ್ಲ ಅಂದ್ಕೊಂಡಿದ್ದೆ. ಇಲ್ಲಿ ಕೋಣನೇ ತಲೆದೂಗ್ತಾ ಇದೆಯಲ್ಲೋ! ಹಾಡಿದ್ದೇ ಹಾಡೋ ಕಿಸಬಾಯಿ ದಾಸ ಅಂತ ಗಾದೆ. ನಮ್ಮಲ್ಲಿ ಹಾಡೋದು ಅವರು, ಕಿಸಬಾಯಿ ನಿಂದು.' ಅಕ್ಕ ನಕ್ಕಳು. ಅವನೂ ನಕ್ಕ. ಐವತ್ತರ ಹತ್ತಿರದವನು ಅಕ್ಕನ ಮನೆಯ ಊಟದ ಮೇಜಿನಲ್ಲಿ ಬೇರೆ ಏನು ಮಾಡಬಲ್ಲ?

ಆರನೆಯ ದಿನ ಅವರು ಹೋದ ಮೇಲೆ ಅವನು ಸಾಲನ್ನು ಬೆಳಕಿಗೆ ಹಿಡಿದು ನೋಡಿದ. ಮುಂದಿನ ಎರಡು ಹಲ್ಲಿನ ಹಿಂದೆ, ನಾಲಗೆ ತಾಗುವ ಕಡೆ, ಒಂದು ಉಬ್ಬು. ಇಷ್ಟು ದಿನ ಪಕ್ಕದಲ್ಲಿ ಹುಡುಕುತ್ತಿದ್ದ. ಎರಡು ಸಲ ಉಜ್ಜಿದ, ಬೆರಳಿನಿಂದ ಸವರಿದ, ಮುಗಿಯಿತು. ಇಪ್ಪತ್ತಾರು ವರ್ಷದ ಬೆರಳು ಸುಳ್ಳು ಹೇಳುವುದಿಲ್ಲ. ಸಂತೋಷವಾಗಬೇಕಿತ್ತು. ನಾಳೆ ಅವರು ಬರುತ್ತಾರೆ, ಹಾಡುತ್ತಾರೆ, ಸೀಟಿ ಬರುವುದಿಲ್ಲ, 'ಬರ್ತೀನಪ್ಪ' ಎಂದು ಹೊರಟುಹೋಗುತ್ತಾರೆ. ಆಮೇಲೆ ಹನ್ನೊಂದು ಗಂಟೆ ಎಂಬುದು ಹತ್ತೂವರೆ ಮತ್ತು ಹನ್ನೊಂದೂವರೆಯ ನಡುವಿನ ಒಂದು ಸಮಯವಾಗಿ ಉಳಿಯುತ್ತದೆ. ಸಣ್ಣ ಕುಂಚ ಕೈಗೆಟುಕುವಲ್ಲೇ ಇತ್ತು. ಗುಲಾಬಿ ಅಕ್ರಿಲಿಕ್ ಪುಡಿ, ಎರಡು ತೊಟ್ಟು ದ್ರವ, ಉಬ್ಬಿದ್ದ ಜಾಗಕ್ಕೇ ಕೂದಲೆಳೆಯಷ್ಟು ದಪ್ಪ. ಕೈ ಮಾಡಿತು, ಅವನು ನೋಡುತ್ತಿದ್ದ ಅಷ್ಟೆ. ಹಾಗೆಂದು ಅವನು ನಾಲ್ಕು ದಿನದಿಂದ ತನಗೆ ತಾನೇ ಹೇಳಿಕೊಳ್ಳುತ್ತಿದ್ದಾನೆ. ಅಂದಿನಿಂದ ದಿನಾ ಅವರ ಎದುರಿಗೆ ಉಜ್ಜುತ್ತಾನೆ, ಅವರು ಹೋದ ಮೇಲೆ ಹಚ್ಚುತ್ತಾನೆ. ಹಳೆಯ ಬಿರುಕುಬಿಟ್ಟ ಸೆಟ್ಟು ಹಾಕಿಕೊಂಡು ಅವರು ಬಸ್ಸು ಹತ್ತುವುದನ್ನು ಕಿಟಕಿಯಿಂದ ನೋಡುತ್ತಾನೆ. ದವಾಖಾನೆಯಲ್ಲಿಟ್ಟರೆ ಭಾವನ ಕಣ್ಣಿಗೆ ಬಿದ್ದೀತೆಂದು ಹೊಸದನ್ನು ಮನೆಗೆ ಒಯ್ಯುತ್ತಾನೆ.

ನಿನ್ನೆ ಅದು ಹೆಂಡತಿಯ ಕೈಗೆ ಸಿಕ್ಕಿಬಿದ್ದಿತ್ತು. ಗಂಡ ಸ್ನಾನದ ಮನೆಯಲ್ಲಿ ಗುನುಗುತ್ತಾನೆ, ಕುದಿಯುವ ನೀರಿನ ಪಾತ್ರೆಗೆ ಕಿವಿಗೊಟ್ಟು ನಿಲ್ಲುತ್ತಾನೆ, ಅಂಗಿಯ ಜೇಬಿನ ಮೇಲೆ ಕೈಯಿಟ್ಟುಕೊಂಡೇ ಓಡಾಡುತ್ತಾನೆ. ಇದೆಲ್ಲ ನೋಡಿ ಅವಳಿಗೆ ಬರಬೇಕಾದ ಅನುಮಾನವೇ ಬಂದಿತ್ತು. ಅವಳು ಡಬ್ಬಿ ತೆರೆದಾಗ ಒಳಗಿಂದ ಹದಿನಾಲ್ಕು ಹಲ್ಲು ಅವಳನ್ನು ನೋಡಿ ನಕ್ಕವು.

'ಯಾರದ್ರೀ ಇದು?'

'ಹಾಡಿನಮ್ಮಂದು. ಹೇಳಿದ್ದೆನಲ್ಲ. ಅರವತ್ತೆಂಟು ವರ್ಷ ಅವರಿಗೆ.'

'ಹಲ್ಲು ನೋಡಿದ್ರೆ ಹದಿನೆಂಟರದ ಹಾಗಿದೆ.'

'ಹೊಸದು ಕಣೇ. ನಾನೇ ಮಾಡಿದ್ದು.'

'ನಂಗೆ ಒಂದು ದಿನ ಏನಾದ್ರೂ ಮಾಡಿದೀರಾ ಹೀಗೆ ಜೇಬಲ್ಲಿಟ್ಟು ತಿರುಗೋ ಹಾಗೆ?' ಎಂದಿದ್ದಳು. ಅವಳ ಹಲ್ಲೆಲ್ಲ ಗಟ್ಟಿಯಾಗಿವೆ, ಏನು ಮಾಡಲಿ ಎಂದುಕೊಂಡ ಅವನು. ಅಲ್ಲಿಗೆ ಬಿಡದೆ ಅವಳು ಎಲ್ಲವನ್ನೂ ಬಾಯಿಬಿಡಿಸಿದಳು. ಕೇಳಿ ಆದ ಮೇಲೆ ಡಬ್ಬಿಯ ಮುಚ್ಚಳ ಹಾಕಿ, 'ಇದಕ್ಕಿಂತ ನೀವು ಯಾರನ್ನಾದ್ರೂ ಪ್ರೀತಿ ಮಾಡಿದ್ರೇ ವಾಸಿಯಾಗಿತ್ತು. ಬೈಯೋಕಾದ್ರೂ ಸರಿಯಾದ ಮಾತು ಸಿಗ್ತಿತ್ತು' ಎಂದು ಒಳಗೆ ಹೋದಳು.

ಹನ್ನೊಂದಕ್ಕೆ ಹಾಡಿನಮ್ಮ ಬಂದರು. ಸ್ಟೂಲು, ಮೋಟಾರು, ಗೋಡೆ. ಅವರು ಇವತ್ತು ಹಾಡಿದ ರೀತಿ ಬೇರೆ ಇತ್ತು. ಎಚ್ಚರದಿಂದ, ಒದ್ದೆ ನೆಲದ ಮೇಲೆ ಕಾಲಿಡುವವರ ಹಾಗೆ. 'ಸರಿದು' ಎಂದರು, 'ಹೋಯಿತೆ' ಎಂದರು, ಆ ಅರ್ಧ ಮೆಟ್ಟಿಲು ಹತ್ತಲಿಲ್ಲ. ಸಂಜೆಯ ಹತ್ತಿರ ಬಂದಾಗ ದನಿ ಮೊದಲೇ ಹೆದರಿತ್ತು. ಕುಕ್ಕರು ಕೂಗಿತು. ಅವನು ಅಭ್ಯಾಸದಂತೆ ಕೈ ಚಾಚಿದ. ಅವರು ಗೋಡೆಯ ಕಡೆ ತಿರುಗಲಿಲ್ಲ, ಹಲ್ಲು ತೆಗೆಯಲಿಲ್ಲ. ಮೋಟಾರು ಆರಿಸಿ ಎಂದು ಕೈಸನ್ನೆ ಮಾಡಿದರು.

'ಬಿಡಪ್ಪ, ಸಾಕು. ನಿಮಗೆ ದಿನಾ ತೊಂದ್ರೆ ಕೊಟ್ಟೆ. ಇದು ಹಲ್ಲಿಂದಲ್ಲ.'

'ಇನ್ನೊಂದು ಸಲ ಉಜ್ಜಿದ್ರೆ...'

'ಕುಣಿಯೋಕೆ ಬರದವಳು ನೆಲ ಡೊಂಕು ಅಂದ್ಳಂತೆ. ನಂದೂ ಹಾಗೇ ಆಯ್ತು. ನೀವು ಹತ್ತು ದಿನ ಉಜ್ಜಿದೀರಿ, ಅದಿನ್ನೇನು ಉಳಿದಿರುತ್ತೆ? ನನ್ನ ಉಸಿರೇ ಸೋರ್ತಾ ಇದೆ. ವಯಸ್ಸಾಯ್ತು, ಒಪ್ಕೋಬೇಕು. ಸಭಾಂಗಣದೋರಿಗೆ ಫೋನ್ ಮಾಡಿ ನಾಳೆ ಆಗಲ್ಲ ಅಂತೀನಿ.' ಎದ್ದರು. ಬಾಗಿಲ ಹತ್ತಿರ ನಿಂತು, ಅವನನ್ನು ಸಮಾಧಾನ ಮಾಡುವವರ ಹಾಗೆ ಹೇಳಿದರು, 'ನಿಮ್ಮ ಕೆಲಸದಲ್ಲಿ ಏನೂ ಕುಂದಿಲ್ಲ, ಮನಸ್ಸಿಗೆ ಹಚ್ಕೋಬೇಡಿ.'

ಅವನಿಗೆ ಮೊದಲು ಆದದ್ದು ನೆಮ್ಮದಿ. ಯಾರಿಗೂ ಗೊತ್ತಾಗುವುದಿಲ್ಲ, ತಪ್ಪು ತಾನಾಗಿಯೇ ಅವರ ಗಂಟಲಿಗೆ ಹೋಗಿ ಸೇರಿಕೊಂಡಿತು. ಆ ನೆಮ್ಮದಿ ಎಷ್ಟು ಸಲೀಸಾಗಿ ಬಂತೆಂದು ಕಂಡು ಅವನಿಗೆ ತಾನೆಂದರೆ ಹೇಸಿಗೆಯಾಯಿತು. ಅಮ್ಮ ಅಕ್ಕಪಕ್ಕದವರಿಗೆ ಹೇಳುತ್ತಿದ್ದಾಗಲೂ ಹೀಗೆಯೇ ತೆಪ್ಪಗೆ ನಿಂತಿದ್ದವನು. ಆಗ ಒಬ್ಬರಿಗೂ ನಷ್ಟವಾಗಿರಲಿಲ್ಲ. ಈಗ ಪಕ್ಕದ ಕೋಣೆಯಲ್ಲಿ ಫೋನಿನ ಗುಂಡಿ ಒತ್ತುವ ಸದ್ದು, ಒಂದು, ಎರಡು, ಮೂರು. ಅವನು ಓಡಿದ. ಮುಂದಿನ ಕೋಣೆಯ ಕುರ್ಚಿಯಲ್ಲಿ ಯಾವುದೋ ಶಾಲೆಯ ಹೆಡ್‌ಮೇಷ್ಟರು ಬಾಯಿತುಂಬ ಹತ್ತಿ ಇಟ್ಟುಕೊಂಡು ಮಲಗಿದ್ದರು, ಭಾವ ಸೂಜಿ ಎತ್ತಿ ಹಿಡಿದಿದ್ದರು, ಹಾಡಿನಮ್ಮ ಕಿವಿಗೆ ಫೋನಿಟ್ಟು, 'ಹಲೋ, ಸಭಾಂಗಣಾನಾ?' ಎಂದಿದ್ದರು. ಅವನು ಬಂದವನೇ ಫೋನಿನ ಕೊಂಡಿಯನ್ನು ಬೆರಳಿನಿಂದ ಒತ್ತಿಬಿಟ್ಟ.

'ಅಮ್ಮ, ಕುಂದಿದೆ.'

'ಏನಪ್ಪ?'

'ಹಲ್ಲಲ್ಲಿ. ನಾನೇ ಇಟ್ಟಿದ್ದು.'

'ಆಂ?' ಎಂದರು ಹೆಡ್‌ಮೇಷ್ಟರು ಹತ್ತಿಯ ಒಳಗಿಂದ.

'ಏನೋ ಹಾಗಂದ್ರೆ?' ಎಂದರು ಭಾವ.

'ಆರನೇ ದಿನವೇ ಸರಿಹೋಗಿತ್ತು. ಆಮೇಲೆ ದಿನಾ ನೀವು ಹೋದ ಮೇಲೆ ಒಂದು ಪದರ ಹಚ್ಚಿ ಇಡ್ತಿದ್ದೆ. ನಿಮ್ಮ ಉಸಿರಿಗೆ ಏನೂ ಆಗಿಲ್ಲ.'

'ಯಾಕಪ್ಪ?'

ಹೇಳಬಹುದಾದ ಮರ್ಯಾದೆಯ ಕಾರಣಗಳನ್ನು ಅವನು ಒಂದೊಂದಾಗಿ ಎತ್ತಿ ನೋಡಿದ. ವಸಡು, ಹವೆ, ಅಕ್ರಿಲಿಕ್ಕಿನ ಗುಣಮಟ್ಟ. ಮೂರು ಜನ, ಅದರಲ್ಲೊಬ್ಬರು ಬಾಯಿ ತೆರೆದುಕೊಂಡು, ಅವನನ್ನೇ ನೋಡುತ್ತಿದ್ದರು. 'ಸರಿಯಾದ್ರೆ ನೀವು ಬರಲ್ವಲ್ಲ ಅಂತ. ಹಾಡು ಕೇಳೋಕೆ,' ಎಂದ, ಬೇಕಾದದ್ದಕ್ಕಿಂತ ಜೋರಾಗಿ. ಹೆಡ್‌ಮೇಷ್ಟರು ಬಾಯಿಯಿಂದ ಹತ್ತಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಎದ್ದು ಕೂತರು. ಇಂಥ ಹೊತ್ತಿನಲ್ಲಿ ಮಲಗಿರುವುದು ಅವರಿಗೂ ಸರಿಕಾಣಲಿಲ್ಲ.

ಹಾಡಿನಮ್ಮ ಫೋನನ್ನು ನಿಧಾನವಾಗಿ ಇಟ್ಟರು. ಬೈಯುತ್ತಾರೆ ಎಂದುಕೊಂಡ. ಬೈದಿದ್ದರೆ ಚೆನ್ನಾಗಿತ್ತು. 'ನಾಲ್ಕು ದಿನ,' ಎಂದರು. 'ನಾಲ್ಕು ದಿನ ನಾನು ನನ್ನ ಗಂಟಲನ್ನ ಬೈದಿದೀನಿ. ನಲವತ್ತೈದು ವರ್ಷ ನಂಗೆ ಅನ್ನ ಹಾಕಿದ ಗಂಟಲು ಇದು. ನೀನು ಸತ್ತೆ, ನಿಂಗೆ ಇನ್ನು ಕೆಲಸ ಇಲ್ಲ ಅಂತ ಕನ್ನಡಿ ಮುಂದೆ ನಿಂತು ಅಂದಿದೀನಿ.' ಆಮೇಲೆ ಅವನ ಕಡೆ ತಿರುಗಿ, ನಿಜವಾಗಿಯೂ ಅರ್ಥವಾಗದೆ ಕೇಳಿದರು: 'ಹಾಡು ಬೇಕಿದ್ರೆ ಕೇಳಬಹುದಿತ್ತಲ್ಲಪ್ಪ? ಅಮ್ಮ, ಒಂದು ಹಾಡು ಹೇಳಿ ಅಂದಿದ್ರೆ ನಾನು ಇಲ್ಲ ಅಂತಿದ್ನಾ?'

ಹತ್ತು ದಿನದಲ್ಲಿ ಒಂದು ಸಲವೂ ಅವನಿಗೆ ಇದು ಹೊಳೆದಿರಲಿಲ್ಲ. ಹಾಡು ಎಂಬುದು ಬಾಯಿಬಿಟ್ಟು ಕೇಳಿದರೆ ಸಿಗುವ ವಸ್ತು ಎಂದು, ಅದೂ ತನ್ನಂಥವನಿಗೆ, ಅವನ ತಲೆಗೆ ಹೋಗಿರಲಿಲ್ಲ. ತೆರೆದ ಬಾಗಿಲಿನ ಮನೆಗೆ ಹಿತ್ತಿಲಿನಿಂದ ಕನ್ನ ಹಾಕಿದ್ದ. ನಾಚಿಕೆಗಿಂತ ಹೆಚ್ಚಾಗಿ ತನ್ನ ದಡ್ಡತನಕ್ಕೆ ಅವನ ಕಣ್ಣಲ್ಲಿ ನೀರು ಬಂತು. ಹಲ್ಲು ಕೊಡಿ ಎಂದು ಕೈ ಚಾಚಿದ. ಅವರು ಈ ಸಲ ಗೋಡೆ ಹುಡುಕಲಿಲ್ಲ, ಎಲ್ಲರೆದುರೇ ತೆಗೆದು ಅವನ ಅಂಗೈಯಲ್ಲಿಟ್ಟರು. ಉಜ್ಜಲು ಎರಡು ನಿಮಿಷ ಹಿಡಿಯಿತು. ಅವರು ಹಾಕಿಕೊಂಡು ನಾಲಗೆ ಆಡಿಸಿ ನೋಡಿದರು. ಹಾಡಿ ನೋಡಿ ಎಂದು ಹೇಳುವ ಧೈರ್ಯ ಅವನಿಗಿರಲಿಲ್ಲ.

'ಸರಿ. ಸಂತೋಷ. ಸಾಕು,' ಎಂದರು ಹಾಡಿನಮ್ಮ. ಒಂದಕ್ಕೂ ಗಾಳಿ ಸೋರಲಿಲ್ಲ. ಹೊರಟುಹೋದರು.

ಭಾವ ಹೆಡ್‌ಮೇಷ್ಟರನ್ನು ಮತ್ತೆ ಮಲಗಿಸಿ ಹೊಸ ಹತ್ತಿ ತುರುಕಿದರು. 'ಬಾಯಿ ಬಿಟ್ರೆ ಬಣ್ಣಗೇಡು ಅನ್ನೋದು ಇದಕ್ಕೇ,' ಎಂದರು. 'ಇಪ್ಪತ್ತಾರು ವರ್ಷದಲ್ಲಿ ನಿನ್ನ ಬಾಯಿಂದ ಇಷ್ಟು ಮಾತು ಒಟ್ಟಿಗೆ ಬಂದಿದ್ದು ಇವತ್ತೇ, ಅದೂ ನನ್ನ ಮಾನ ಕಳೆಯೋಕೆ.' ಇನ್ನೂ ಬಹಳ ಅಂದರು, ಅನ್ನಬೇಕಾದದ್ದೇ. ಸಾಯಂಕಾಲ ಬಾಗಿಲು ಹಾಕುವಾಗ ಬೀಗದ ಕೈಯನ್ನು ತಿರುಗಿಸುತ್ತ, ಅವನ ಕಡೆ ನೋಡದೆ, 'ಅಷ್ಟು ಚೆನ್ನಾಗಿದೆಯೇನೋ ಅದು?' ಎಂದು ಕೇಳಿದರು. ಅವನು ಹೌದೆನ್ನುವಂತೆ ತಲೆಯಾಡಿಸಿದ. ಭಾವ ಬೀಗ ಎಳೆದು ನೋಡಿ ನಡೆದರು.

ಮಾರನೆಯ ದಿನ ಕಛೇರಿಗೆ ಹೋಗುವುದೆಂದು ತೀರ್ಮಾನಿಸಿದವಳು ಹೆಂಡತಿ. ಮಾತಿನಲ್ಲಿ ಸೋರದಿದ್ದದ್ದು ಎತ್ತರದಲ್ಲಿ ಸೋರಿದರೆ ಏನು ಗತಿ ಎಂದು ಅವನು ಇಡೀ ದಿನ ಒಂದು ಕಡೆ ಕೂರದೆ ತಿರುಗಿದ್ದ. ಹಾಡಿ ನೋಡದೆ ಕಳಿಸಿದ ಹಲ್ಲು ಅದು, ಇಪ್ಪತ್ತಾರು ವರ್ಷದಲ್ಲಿ ಮೊದಲನೆಯದು. 'ಇಲ್ಲೇ ಇದ್ರೆ ನೀವು ನೆಲ ಸವೆಸ್ತೀರಿ. ನಡೀರಿ,' ಎಂದಳು. 'ಸೀಟಿ ಬಂದ್ರೆ ಇಬ್ರೂ ಎದ್ದು ಓಡಿ ಬರೋಣ. ಅದಕ್ಕೇ ಬಾಗಿಲ ಹತ್ತಿರ ಕೂರೋಣ.' ಕೊನೆಯ ಸಾಲಿನಲ್ಲಿ, ಬಾಗಿಲ ಪಕ್ಕ ಕೂತರು. ಮುಂದೆ ನಾನೂರು ತಲೆಗಳ ಹಿಂಭಾಗ. ಒಂದು ಬಾಯಿಯೂ ಕಾಣದ್ದರಿಂದ ಅವನಿಗೆ ಯಾರೊಬ್ಬರ ಗುರುತೂ ಸಿಗಲಿಲ್ಲ. ಹಾಡಿನಮ್ಮ ಬಂದು ಕೂತರು, ಇಷ್ಟು ದೂರದಿಂದ ಇಷ್ಟೇ ಇಷ್ಟು ಕಂಡರು. ಅವರ ಪಕ್ಕದ ವಾದ್ಯ ಝೇಂಕರಿಸಿದಾಗ, ಮೋಟಾರಿಗಿಂತ ಒಂದೆಳೆ ಮೇಲಿದೆ ಎಂದುಕೊಂಡ. ಬೇರೆ ಎರಡು ಹಾಡು ಆದವು. ಅವನು ಒಂದನ್ನೂ ಕೇಳಲಿಲ್ಲ, ಅವುಗಳಲ್ಲಿ ಎಲ್ಲೆಲ್ಲಿ 'ಸ' ಬರುತ್ತದೆ ಎಂದು ಬೇಟೆನಾಯಿಯ ಹಾಗೆ ಹೊಂಚುಹಾಕಿದ. ಮೂರನೆಯದಕ್ಕೆ ಅವರು ಕಣ್ಣು ಮುಚ್ಚಿದ ರೀತಿಯಲ್ಲೇ ಅವನಿಗೆ ತಿಳಿಯಿತು.

ಸರಿದು. ಹೋಯಿತೆ. ದನಿ ಇಳಿಯಿತು, ಪಶ್ಚಾತ್ತಾಪಪಟ್ಟಿತು, ಅರ್ಧ ಮೆಟ್ಟಿಲು ಹತ್ತಿತು. ಅವನು ಕುರ್ಚಿಯ ಕೈಗಳನ್ನು ಹಿಡಿದುಕೊಂಡ. ಸಂಜೆ. ಎತ್ತರದಲ್ಲಿ ಹೋಗಿ ನಿಂತದ್ದು ನಿಂತೇ ನಿಂತಿತು. ಗಾಳಿಯಿಲ್ಲ, ಸೀಟಿಯಿಲ್ಲ, ತೊಳೆದಿಟ್ಟ ಗಾಜಿನ ಹಾಗೆ ಶುದ್ಧ. ಅವನ ಕೈ ಸಡಿಲವಾಯಿತು, ಬೆನ್ನು ಸಡಿಲವಾಯಿತು. ಸದ್ಯ, ಮುಗಿಯಿತು ಎಂದು ಎದ್ದು ನಿಂತುಬಿಟ್ಟ. ಹಿಂದೆ ಗೋಡೆಗೆ ಒರಗಿದ್ದವರು ಶ್ ಎಂದರು. ಹೆಂಡತಿ ಅಂಗಿಯ ಚುಂಗು ಹಿಡಿದು ಕೆಳಗೆಳೆದಳು.

'ಎಲ್ಲಿಗ್ರೀ? ಹಾಡು ಇನ್ನೂ ಇದೆ.'

ಹಾಡು ಇನ್ನೂ ಇತ್ತು. ಹತ್ತು ದಿನ ಅವನ ಕೋಣೆಯಲ್ಲಿ ಹಾಡು ಅಲ್ಲೇ ನಿಲ್ಲುತ್ತಿತ್ತು, ಆದ್ದರಿಂದ ಹಾಡೆಂದರೆ ಅಷ್ಟೇ ಎಂದು ಅವನು ನಂಬಿದ್ದ. ಮೂರು ಪದ, ಒಂದು ಎತ್ತರ, ಆಮೇಲೆ ಅಂಗೈ. ಅದಕ್ಕೊಂದು ಎರಡನೆಯ ಸಾಲಿರಬಹುದೆಂದು ಅವನು ಎಣಿಸಿಯೇ ಇರಲಿಲ್ಲ. ಸಂಜೆಯ ಆ ಎತ್ತರದಿಂದ ದನಿ ಅವಸರವಿಲ್ಲದೆ ಹೊರಟು, ಅವನಿಗೆ ಗೊತ್ತಿಲ್ಲದ ಕಡೆ ತಿರುಗಿ, 'ಇನ್ನೂ ಇದೆಯಲ್ಲ ಬೆಳಕು' ಎಂದಿತು. ಅಷ್ಟನ್ನೇ ಮತ್ತೆ ಹೇಳಿತು, ಬೆಳಕು ಎಂಬಲ್ಲಿ ಹರಡಿತು, ಹರಡಿದ್ದನ್ನು ಮಡಿಚಿಟ್ಟು ಮತ್ತೆ ಮೊದಲಿನ ಸಂಜೆಗೆ ಬಂದಾಗ ಆ ಸಂಜೆ ಮೊದಲಿನದಾಗಿ ಉಳಿದಿರಲಿಲ್ಲ. ಇದರ ಬಾಗಿಲನ್ನು ತಾನು ನಾಲ್ಕು ದಿನ ಕೂದಲೆಳೆಯಷ್ಟು ಗುಲಾಬಿ ಪುಡಿಯಿಂದ ಮುಚ್ಚಿದ್ದೆ ಎಂಬುದು ಅವನಿಗೆ ಒಂದು ಕ್ಷಣ ಎದೆಗೆ ಒದ್ದ ಹಾಗೆ ಹೊಳೆಯಿತು. ಆಮೇಲೆ ಅದೂ ಹೋಯಿತು. ದನಿ ಹೋದಲ್ಲೆಲ್ಲ ಅವನೂ ಹೋದ. ದಾರಿ ಗೊತ್ತಿರಲಿಲ್ಲ, ಗೊತ್ತಿರಬೇಕೆಂದೂ ಅನ್ನಿಸಲಿಲ್ಲ. ಬಾಯಿ ತನ್ನಷ್ಟಕ್ಕೆ ತೆರೆದಿತ್ತು. ಎಷ್ಟು ಹೊತ್ತಾಯಿತೋ, ಹೆಂಡತಿ ಮೊಣಕೈಯಿಂದ ತಿವಿದು ಕಿವಿಯ ಹತ್ತಿರ ಬಾಗಿದಳು.

'ರೀ, ಹಲ್ಲು ಹೇಗಿದೆ?'

ಅವನು ತಿರುಗಿ ಅವಳನ್ನು ನೋಡಿದ.

'ಯಾವ ಹಲ್ಲು?'